ಸ್ಟಾರ್ಟ್ ಆಗದ ಕಾರಿನ ವಿಚಾರಣೆ

ಕಾರು ಸ್ಟಾರ್ಟ್ ಆಗಲಿಲ್ಲ ಅಂದರೆ ನಮ್ಮಲ್ಲಿ ಸಲಹೆಗೇನೂ ಬರವಿಲ್ಲ. ಪಕ್ಕದ ಮನೆಯವರು ಬ್ಯಾಟರಿ ಹೋಗಿದೆ ಅನ್ನುತ್ತಾರೆ. ಎದುರು ಮನೆಯವರು ಸೆಲ್ಫ್ ಹೋಗಿದೆ ಅನ್ನುತ್ತಾರೆ. ದಾರಿಯಲ್ಲಿ ಹೋಗುವವರೊಬ್ಬರು ತಾವಾಗಿಯೇ ಬಂದು ಬಾನೆಟ್ ಎತ್ತಿ, ಯಾವುದೋ ವೈರನ್ನು ಅಲ್ಲಾಡಿಸಿ, "ಈಗ ಹೊಡೀರಿ ನೋಡೋಣ" ಅನ್ನುತ್ತಾರೆ. ಒಮ್ಮೊಮ್ಮೆ ಅಷ್ಟಕ್ಕೇ ಕಾರು ಹೊರಟೂ ಬಿಡುತ್ತದೆ. ಯಾಕೆ ಹೊರಟಿತು ಅನ್ನುವುದು ಅಲ್ಲಾಡಿಸಿದವರಿಗೂ ತಿಳಿದಿರುವುದಿಲ್ಲ. ಹಾಗಾಗಿ ಎರಡು ದಿನ ಬಿಟ್ಟು ಅದು ಮತ್ತೆ ನಿಲ್ಲುತ್ತದೆ. ಆಮೇಲೆ ಶುರುವಾಗುವುದು ಖರ್ಚಿನ ಸರಣಿ. ಮೊದಲು ಹೊಸ ಬ್ಯಾಟರಿ, ಆಮೇಲೆ ಸೆಲ್ಫ್ ಬಿಚ್ಚಿ ಕಾರ್ಬನ್ ಬ್ರಷ್, ಆಮೇಲೆ ರಿಲೇ, ಕೊನೆಗೆ "ಕಂಪ್ಯೂಟರನ್ನೇ ಬದಲಾಯಿಸಬೇಕು ಸಾರ್" ಎಂಬ ಮಾತು.

ಈ ಸರಣಿಯನ್ನು ತಪ್ಪಿಸುವ ಕ್ರಮವೊಂದಿದೆ. ಅದನ್ನು ಇವತ್ತು ಹೇಳುತ್ತೇನೆ. ಬಾನುಲಿಯಲ್ಲಿ ಚಿತ್ರ ಬರೆದು ತೋರಿಸುವಂತಿಲ್ಲ. ಆದರೆ ಈ ವಿಷಯದಲ್ಲಿ ಅದೊಂದು ದೊಡ್ಡ ಕೊರತೆಯಲ್ಲ, ಯಾಕೆಂದರೆ ಮೊದಲ ಸುಳಿವು ಸಿಗುವುದು ಕಿವಿಗೇ.

ಇವತ್ತಿನ ಕಾರು ಸ್ಟಾರ್ಟ್ ಆಗಬೇಕಾದರೆ ಎರಡು ಬೇಕು. ಒಂದು ಬಲ, ಇನ್ನೊಂದು ಅಪ್ಪಣೆ. ಬ್ಯಾಟರಿಯಿಂದ ದಪ್ಪ ಕೇಬಲ್‌ನಲ್ಲಿ ಸೆಲ್ಫ್‌ಗೆ ಹರಿಯುವ ಭಾರಿ ಕರೆಂಟು ಬಲ. ಆ ಕರೆಂಟನ್ನು ಬಿಡಬಹುದು ಎಂದು ಕೀಲಿಯ ಚಿಪ್, ಕ್ಲಚ್ ಮತ್ತು ಬ್ರೇಕಿನ ಸ್ವಿಚ್ಚುಗಳು, ಕಾರಿನೊಳಗಿನ ಕಂಪ್ಯೂಟರುಗಳು ಸೇರಿ ಕೊಡುವುದು ಅಪ್ಪಣೆ. ನಿಂತದ್ದು ಬಲವೋ ಅಪ್ಪಣೆಯೋ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಅದಾಗುವವರೆಗೆ ಸ್ಪ್ಯಾನರನ್ನು ಮುಟ್ಟಬಾರದು. ಇವತ್ತಿನ ಮಾತಿನ ಸಾರ ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಹಿಂದೆ ಅಪ್ಪಣೆಯ ಪ್ರಶ್ನೆಯೇ ಇರಲಿಲ್ಲ. ಲಾರಿಗಳ, ಹಳೆಯ ಅಂಬಾಸಿಡರ್‌ಗಳ ಮೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸುತ್ತಿದ್ದುದನ್ನು ಹಿರಿಯ ಕೇಳುಗರು ಕಂಡಿದ್ದೀರಿ. ಇಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಈ ಹ್ಯಾಂಡಲ್ಲಿನಿಂದ ಬಿಡುಗಡೆ ಕೊಟ್ಟವರು ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್. ಅಂಗಡಿಗಳ ನಗದು ಯಂತ್ರಕ್ಕೆ ವಿದ್ಯುತ್ ಮೋಟಾರು ಜೋಡಿಸಿದ್ದವರು ಅವರು. ಸಣ್ಣ ಮೋಟಾರಿಗೆ ಕೆಲವೇ ಕ್ಷಣ ಅದರ ತಾಕತ್ತಿಗಿಂತ ಹೆಚ್ಚು ಕೆಲಸ ಕೊಟ್ಟರೆ ಅದು ಸುಡುವುದಿಲ್ಲ ಎಂಬ ತಿಳಿವು ಅವರಿಗೆ ಅಲ್ಲಿ ಬಂದಿತ್ತು. 1912ರ ಕ್ಯಾಡಿಲಾಕ್ ಕಾರಿಗೆ ಅವರ ಸ್ಟಾರ್ಟರ್ ಮೋಟಾರು ಬಂತು. ಕಾರು ತಾನಾಗಿಯೇ ಏಳುತ್ತದೆ ಎಂಬ ಅರ್ಥದಲ್ಲಿ ಅದಕ್ಕೆ ಸೆಲ್ಫ್ ಸ್ಟಾರ್ಟರ್ ಎಂದು ಹೆಸರಾಯಿತು. ನಮ್ಮ ಗ್ಯಾರೇಜುಗಳಲ್ಲಿ ಅದು ಇವತ್ತಿಗೂ ಬರೀ ಸೆಲ್ಫ್.

ಈ ಸೆಲ್ಫ್ ಎಷ್ಟು ಹಸಿವಿನ ಯಂತ್ರ ನೋಡಿ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಸುಮಾರು ಒಂದು ಕಿಲೋವ್ಯಾಟ್‌ನದು, ಅಂದರೆ ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಯಷ್ಟೇ. ಇಸ್ತ್ರಿ ಪೆಟ್ಟಿಗೆ 230 ವೋಲ್ಟ್‌ನಲ್ಲಿ ನಡೆಯುವುದರಿಂದ ಅದಕ್ಕೆ ನಾಲ್ಕೈದು ಆಂಪಿಯರ್ ಕರೆಂಟು ಸಾಕು. ಅದೇ ಕೆಲಸವನ್ನು 12 ವೋಲ್ಟ್‌ನಲ್ಲಿ ಮಾಡಬೇಕಾದ ಸೆಲ್ಫ್‌ಗೆ ನೂರರಿಂದ ಇನ್ನೂರು ಆಂಪಿಯರ್ ಬೇಕು. ಡೀಸೆಲ್ ಇಂಜಿನ್ ಆದರೆ ಇನ್ನೂ ಹೆಚ್ಚು. ಕಾರಿನಲ್ಲಿ ಬೇರೆ ಯಾವ ಭಾಗವೂ ಇಷ್ಟು ಕರೆಂಟು ಕೇಳುವುದಿಲ್ಲ. ಹೆಡ್‌ಲೈಟ್ ಉರಿಯುತ್ತದೆ, ಹಾರ್ನ್ ಕೂಗುತ್ತದೆ, ಹಾಗಾಗಿ ಬ್ಯಾಟರಿ ಸರಿಯಿದೆ ಎಂಬ ವಾದ ನಿಲ್ಲದಿರುವುದು ಇದಕ್ಕೇ. ಹತ್ತು ಆಂಪಿಯರ್ ಕೊಡಬಲ್ಲ ಬ್ಯಾಟರಿಗೆ ನೂರೈವತ್ತು ಕೊಡುವ ಶಕ್ತಿ ಇರಬೇಕೆಂದೇನಿಲ್ಲ.

ಈಗ ಕಿವಿಯ ಪರೀಕ್ಷೆಗೆ ಬರೋಣ. ಕಾರಿನೊಳಗೆ ಛಾವಣಿಯ ಸಣ್ಣ ದೀಪ ಹಾಕಿಕೊಳ್ಳಿ. ಎಷ್ಟೋ ಹೊಸ ಕಾರುಗಳು ಸ್ಟಾರ್ಟ್ ಮಾಡುವಾಗ ಹೆಡ್‌ಲೈಟನ್ನು ತಾವೇ ಆರಿಸಿಬಿಡುತ್ತವೆ, ಆದ್ದರಿಂದ ಅದನ್ನು ನಂಬಬೇಡಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಕೀಲಿ ತಿರುಗಿಸಿ ಅಥವಾ ಬಟನ್ ಒತ್ತಿ, ಕೇಳಿ, ದೀಪವನ್ನೂ ನೋಡಿ.

ಟಕಟಕಟಕ ಎಂದು ಸಾಲಾಗಿ ಬಡಿಯುವ ಸದ್ದು ಬಂದು ದೀಪ ಮಂಕಾದರೆ ಬಲ ಸಾಲದು. ಅಪ್ಪಣೆ ಸಿಕ್ಕಿದೆ, ಸೆಲ್ಫ್‌ನ ಮೇಲಿರುವ ಸೊಲೆನಾಯ್ಡ್ ಎಂಬ ಸ್ವಿಚ್ಚು ಕೂಡಿಕೊಳ್ಳುತ್ತದೆ; ಕೂಡಿದ ಕ್ಷಣ ವೋಲ್ಟೇಜ್ ಕುಸಿದು ಬಿಟ್ಟುಬಿಡುತ್ತದೆ; ಬಿಟ್ಟೊಡನೆ ವೋಲ್ಟೇಜ್ ಏರಿ ಮತ್ತೆ ಕೂಡುತ್ತದೆ. ಆ ಬಡಿತ ಇದರದ್ದೇ. ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಒಂದೇ ಒಂದು ಗಟ್ಟಿ ಟಕ್ ಕೇಳಿ ಆಮೇಲೆ ಮೌನವಾದರೆ ಸೆಲ್ಫ್‌ನ ಒಳಗಿನ ತೊಂದರೆ ಇರಬಹುದು ಅಥವಾ ದಪ್ಪ ಕೇಬಲ್‌ನ ದಾರಿ ಎಲ್ಲೋ ಕೆಟ್ಟಿರಬಹುದು. ಸದ್ದೇ ಇಲ್ಲ, ದೀಪ ಒಂದಿಷ್ಟೂ ಮಂಕಾಗಲಿಲ್ಲ ಅಂದರೆ ಕರೆಂಟು ಹೊರಟೇ ಇಲ್ಲ. ಬಹುಮಟ್ಟಿಗೆ ಅದು ಅಪ್ಪಣೆ ಸಿಗದ ಲಕ್ಷಣ. ಇನ್ನು ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಇಂಜಿನ್ ಗಿರಗಿರ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ ಅಂದರೆ ಅದು ಬೇರೆಯದೇ ಪ್ರಕರಣ. ಅಂಥ ಕಾರಿಗೆ ಹೊಸ ಸೆಲ್ಫ್ ಹಾಕಿಸುವುದು ಬರೀ ದಂಡ.

ಇಷ್ಟು ಕೇಳಿಸಿಕೊಂಡ ಮೇಲೆ ಬಲದ ದಾರಿ ಹಿಡಿಯೋಣ. ಇದಕ್ಕೆ ಒಂದು ಮಲ್ಟಿಮೀಟರ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೋ ಕೆಲವು ನೂರು ರೂಪಾಯಿಗೆ ಸಿಗುವುದೇ ಸಾಕು. ಕಾರು ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆಯಿರಿ. 12.6 ವೋಲ್ಟ್ ಬಂದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕೆ ಇಳಿದರೆ ಬರಿದಾಗುವ ಹಂತ. 12 ವೋಲ್ಟ್ ಬ್ಯಾಟರಿ 12 ತೋರಿಸಿದರೆ ಸರಿ ತಾನೇ ಎಂದು ಅನ್ನಿಸುವುದು ಸಹಜ. ಆದರೆ ಲೆಕ್ಕ ಹಾಗಿಲ್ಲ; ತುಂಬಿದ್ದಕ್ಕೂ ಬರಿದಾದ್ದಕ್ಕೂ ನಡುವಿನ ಅಂತರವೆಲ್ಲ ಸೇರಿ ಒಂದು ವೋಲ್ಟ್‌ಗಿಂತ ಕಡಿಮೆ.

ಈಗ ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ, ಆ ಹೊತ್ತಿನಲ್ಲೇ ಮೀಟರು ನೋಡಿ. ನಿಂತಾಗ 12.6 ತೋರಿಸಿದ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಜಾರಿದರೆ ಅದರ ಕಾಲ ಮುಗಿಯುತ್ತಾ ಬಂದಿದೆ. ಬ್ಯಾಟರಿಯನ್ನು ಕೊಲ್ಲುವುದು ಸೆಖೆ, ತೋರಿಸಿಕೊಡುವುದು ಚಳಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಒಳಗಿನ ತಗಡುಗಳು ಸವೆಯುತ್ತವೆ. ಮಾಲೀಕರಿಗೆ ಅದು ಗೊತ್ತಾಗುವುದು ಡಿಸೆಂಬರಿನ ಬೆಳಗಿನ ಹೊತ್ತು, ಇಂಜಿನ್ ಆಯಿಲ್ ದಪ್ಪಗಾಗಿ ಸೆಲ್ಫ್‌ಗೆ ಹೆಚ್ಚು ಬಲ ಬೇಕಾದಾಗ.

ಬ್ಯಾಟರಿ ಗಟ್ಟಿಯಿದ್ದೂ ಸೆಲ್ಫ್ ಸೋತರೆ? ಇಲ್ಲಿಯೇ ಹೆಚ್ಚಿನವರು ದಾರಿ ತಪ್ಪುವುದು. ಕೇಬಲ್ ಸರಿಯಿದೆಯೇ ಎಂದು ನೋಡಲು ಮೀಟರನ್ನು ಓಮ್‌ಗೆ ತಿರುಗಿಸುತ್ತಾರೆ. ಬೀಪ್ ಅನ್ನುತ್ತದೆ, ಸರಿಯಿದೆ ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ 0.05 ಓಮ್ ತಡೆ ಇದೆ ಅನ್ನೋಣ. ಇಷ್ಟು ಸಣ್ಣದನ್ನು ಸಾಮಾನ್ಯ ಮೀಟರು ಕಾಣಲಾರದು. ಅದರ ಎರಡು ವೈರುಗಳ ಸ್ವಂತ ತಡೆಯೇ ಅದಕ್ಕಿಂತ ಹೆಚ್ಚು. ಆದರೆ ಆ ಜೋಡಣೆಯ ಮೂಲಕ 150 ಆಂಪಿಯರ್ ಹೋಗಬೇಕೆಂದರೆ, 150 ಗುಣಿಸು 0.05, ಏಳೂವರೆ ವೋಲ್ಟನ್ನು ಆ ತುಕ್ಕೇ ತಿನ್ನಬೇಕು. ಅಂದರೆ 150 ಆಂಪಿಯರ್ ಅಲ್ಲಿ ಎಂದಿಗೂ ಹರಿಯುವುದಿಲ್ಲ. ಕೇಬಲ್‌ನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರಿನಲ್ಲಿ 12.6 ಬರುತ್ತದೆ, ಒಂದು ಸಣ್ಣ ಬಲ್ಬೂ ಉರಿಯುತ್ತದೆ. ಸೆಲ್ಫ್ ಮಾತ್ರ ತಿರುಗುವುದಿಲ್ಲ. ಆದ್ದರಿಂದ ಹೊರೆ ಬಿದ್ದಾಗಲೇ ಅಳೆಯಬೇಕು, ಓಮ್‌ನಲ್ಲಲ್ಲ, ವೋಲ್ಟ್‌ನಲ್ಲಿ.

ಹೇಗೆಂದರೆ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಇನ್ನೊಂದು ಸೆಲ್ಫ್‌ನ ದಪ್ಪ ಬೋಲ್ಟಿನ ಮೇಲೆ. ಕಂಬದ ಮೇಲೆ ಅಂದೆ, ಅದನ್ನು ಹಿಡಿದ ಕ್ಲ್ಯಾಂಪಿನ ಮೇಲಲ್ಲ. ಎರಡರ ನಡುವೆಯೇ ದೋಷವಿರಬಹುದು. ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ನ ಒಳಗೆ ಬಂದರೆ ಪ್ಲಸ್ ದಾರಿ ಶುದ್ಧ. ಇನ್ನು ಬ್ಯಾಟರಿಯ ಮೈನಸ್ ಕಂಬದಿಂದ ಇಂಜಿನ್ನಿನ ಬರಿ ಲೋಹಕ್ಕೆ ಅಳೆಯಿರಿ. ಇಲ್ಲಿ 0.3 ದಾಟಬಾರದು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಕಾರವಾರದಲ್ಲೋ ಮಂಗಳೂರಿನಲ್ಲೋ ಏಳೆಂಟು ವರ್ಷ ಉಪ್ಪುಗಾಳಿ ಕುಡಿದ ಕಾರು. ಹೊಸ ಬ್ಯಾಟರಿ ಹಾಕಿಸಿದ್ದಾರೆ, ಆದರೂ ಸೆಲ್ಫ್ ನರಳುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯಲ್ಲಿ 11.9 ವೋಲ್ಟ್ ಉಳಿದಿದೆ. ಇದೇ ಮೊದಲ ಸುಳಿವು. ಸೆಲ್ಫ್ ನಿಜವಾಗಿ ಕರೆಂಟು ಎಳೆದಿದ್ದರೆ ಇದು ಹತ್ತರ ಆಸುಪಾಸಿಗೆ ಇಳಿಯಬೇಕಿತ್ತು. ಪ್ಲಸ್ ದಾರಿಯಲ್ಲಿ 0.3, ಸೆಲ್ಫ್‌ಗೆ ಸಿಕ್ಕಿದ್ದು 6.0, ಮೈನಸ್ ದಾರಿಯಲ್ಲಿ 5.6. ಕೂಡಿಸಿ ನೋಡಿ, 11.9 ಆಯಿತು. ಬ್ಯಾಟರಿ ಕೊಟ್ಟದ್ದರಲ್ಲಿ ಒಂದು ಪೈಸೆಯೂ ಕಾಣೆಯಾಗಿಲ್ಲ, ಎಲ್ಲಿ ಹೋಯಿತು ಎಂಬ ಲೆಕ್ಕ ಕೈಯಲ್ಲಿದೆ. ಅರ್ಧದಷ್ಟನ್ನು ತಿಂದದ್ದು ಇಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿ. ಅದರ ಬೋಲ್ಟು ಬಿಚ್ಚಿ, ಹಸಿರು ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಗ್ರೀಸೋ ಪೆಟ್ರೋಲಿಯಂ ಜೆಲ್ಲಿಯೋ ಸವರಿದರೆ ಕೆಲಸ ಮುಗಿಯಿತು. ಪಟ್ಟಿಯೇ ಸವೆದಿದ್ದರೆ ಹೊಸದು ಹಾಕಿಸಬೇಕು, ಅದಕ್ಕೂ ಬ್ಯಾಟರಿಯ ಬೆಲೆಯ ಸಣ್ಣದೊಂದು ಪಾಲು ಸಾಕು.

ಮೀಟರಿಲ್ಲದವರಿಗೂ ಉಪಾಯವಿದೆ. ಜಂಪರ್ ಕೇಬಲ್‌ನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿಯನ್ನು ಇಂಜಿನ್ನಿನ ಬರಿ ಲೋಹಕ್ಕೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ತಕ್ಷಣ ಇಂಜಿನ್ ಎದ್ದರೆ ಕಳ್ಳ ಅರ್ತ್ ದಾರಿಯಲ್ಲೇ ಇದ್ದಾನೆ. ಎರಡೂ ಕಡೆಯ ದಾರಿ ಶುದ್ಧವಿದ್ದು, ಸೆಲ್ಫ್‌ನ ಬೋಲ್ಟಿಗೆ ಸರಿಯಾದ ವೋಲ್ಟೇಜ್ ತಲುಪಿಯೂ ಅದು ತಿರುಗದಿದ್ದರೆ ಆಗ ಸೆಲ್ಫನ್ನು ಬಿಚ್ಚಿ. ಕಾರ್ಬನ್ ಬ್ರಷ್ ಸವೆದಿರಬಹುದು, ಸೊಲೆನಾಯ್ಡಿನ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು. ಬಿಚ್ಚುವುದು ಕೊನೆಯ ಹೆಜ್ಜೆ.

ಬಲ ಸರಿಯಿದ್ದು ಟಕ್ ಎಂಬ ಸದ್ದೂ ಬರದಿದ್ದಾಗ ಅಪ್ಪಣೆಯ ದಾರಿಗೆ ತಿರುಗಬೇಕು. ಹಳೆಯ ಕಾರಿನಲ್ಲಿ ಕೀಲಿ ತಿರುಗಿಸಿದರೆ ಕರೆಂಟು ನೇರವಾಗಿ ಸೊಲೆನಾಯ್ಡಿಗೆ ಹೋಗುತ್ತಿತ್ತು. ಇವತ್ತಿನ ಎಷ್ಟೋ ಕಾರುಗಳಲ್ಲಿ, ಅದರಲ್ಲೂ ಬಟನ್ ಒತ್ತುವವುಗಳಲ್ಲಿ, ನಾವು ಸಲ್ಲಿಸುವುದು ಒಂದು ಅರ್ಜಿ ಅಷ್ಟೇ. ಕಂಪ್ಯೂಟರು ಕೇಳುತ್ತದೆ: ಕೀಲಿ ಈ ಕಾರಿನದೇ? ಕ್ಲಚ್ ಒತ್ತಿದ್ದಾರೆಯೇ, ಆಟೊಮ್ಯಾಟಿಕ್ ಆದರೆ ಬ್ರೇಕ್ ಒತ್ತಿದ್ದಾರೆಯೇ? ಗೇರು ಪಾರ್ಕ್‌ನಲ್ಲಿ ಅಥವಾ ನ್ಯೂಟ್ರಲ್‌ನಲ್ಲಿ ಇದೆಯೇ? ಎಲ್ಲಕ್ಕೂ ಹೌದು ಎಂಬ ಉತ್ತರ ಬಂದರೆ ರಿಲೇಗೆ ಸೂಚನೆ ಹೋಗುತ್ತದೆ. ಒಂದಕ್ಕೆ ಇಲ್ಲ ಎಂದು ಬಂದರೂ ಕಾರು ಸುಮ್ಮನಿರುತ್ತದೆ. ಅದು ಕೆಟ್ಟದ್ದಲ್ಲ, ಹೇಳಿದ ಕೆಲಸ ಮಾಡುತ್ತಿದೆ.

ಹಾಗಾಗಿ ನಾವೂ ಅದೇ ಪ್ರಶ್ನೆಗಳನ್ನು ಕೇಳಬೇಕು. ಬ್ರೇಕ್ ಒತ್ತಿ, ಹಿಂದಿನ ಬ್ರೇಕ್ ಲೈಟ್ ಉರಿಯುತ್ತದೆಯೇ ಎಂದು ಯಾರಿಂದಲಾದರೂ ನೋಡಿಸಿ. ಉರಿಯದಿದ್ದರೆ ಪೆಡಲಿನ ಮೇಲಿರುವ ಸ್ವಿಚ್ಚೋ ಅದರ ಫ್ಯೂಸೋ ಹೋಗಿದೆ. ಕಡಿಮೆ ಬೆಲೆಯ ಆ ಸ್ವಿಚ್ಚೇ ದೊಡ್ಡ ಕಾರನ್ನು ಮನೆ ಮುಂದೆ ನಿಲ್ಲಿಸಿರುತ್ತದೆ. ಕ್ಲಚ್ ಪೆಡಲಿನ ಕೆಳಗಿನ ಮ್ಯಾಟಿನ ಮೇಲೆ ಪುಡಿಯಾದ ಪ್ಲಾಸ್ಟಿಕ್ ಚೂರು ಬಿದ್ದಿದೆಯೇ ನೋಡಿ. ಪೆಡಲು ಸ್ವಿಚ್ಚನ್ನು ಒತ್ತುವ ಜಾಗದಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ವರ್ಷಗಳಾದ ಮೇಲೆ ಅದು ಒಣಗಿ ಉದುರುತ್ತದೆ. ಆಮೇಲೆ ನೀವು ಎಷ್ಟೇ ಕ್ಲಚ್ ತುಳಿದರೂ ಕಾರಿನ ಲೆಕ್ಕದಲ್ಲಿ ತುಳಿದಿಲ್ಲ. ಆಟೊಮ್ಯಾಟಿಕ್ ಕಾರು ಪಾರ್ಕ್‌ನಲ್ಲಿ ಏಳದಿದ್ದರೆ ಬ್ರೇಕ್ ಒತ್ತಿ ಹಿಡಿದು ನ್ಯೂಟ್ರಲ್‌ಗೆ ತಂದು ನೋಡಿ. ಅಲ್ಲಿ ಎದ್ದರೆ ಗೇರಿನ ಸ್ಥಾನ ಹೇಳುವ ಸ್ವಿಚ್ಚಿನ ಮೇಲೆ ಸಂಶಯ.

ಇನ್ನು ಕೀಲಿಯ ವಿಷಯ. ಜರ್ಮನಿ, ಬ್ರಿಟನ್ ದೇಶಗಳು ಕಾರುಗಳ್ಳತನ ತಡೆಯಲು 1998ರಲ್ಲಿ ಹೊಸ ಕಾರುಗಳಿಗೆ, ಗುರುತಿಲ್ಲದ ಕೀಲಿಗೆ ಇಂಜಿನ್ ಏಳಗೊಡದ ಇಮ್ಮೊಬಿಲೈಸರ್ ಕಡ್ಡಾಯ ಮಾಡಿದವು; ನಮ್ಮಲ್ಲೂ ಈಗ ಅದು ಸಾಮಾನ್ಯ. ಕೀಲಿಯ ತಲೆಯೊಳಗೆ ಒಂದು ಚಿಪ್ ಇದೆ. ಅದಕ್ಕೆ ಸ್ವಂತ ಬ್ಯಾಟರಿ ಇಲ್ಲ. ಕೀಲಿ ಹಾಕುವ ತೂತಿನ ಸುತ್ತ ಇರುವ ತಾಮ್ರದ ಸುರುಳಿ ಕಾಂತಕ್ಷೇತ್ರ ಎಬ್ಬಿಸುತ್ತದೆ, ಚಿಪ್ ಅದರಿಂದಲೇ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಈ ಸಂಭಾಷಣೆ ರೇಡಿಯೊ ಅಲೆಗಳ ಕೆಳಗಿನ ಅಂಚಿನಲ್ಲಿ ನಡೆಯುತ್ತದೆ, ಸಾಮಾನ್ಯವಾಗಿ 125 ಕಿಲೋಹರ್ಟ್ಜ್ ಸುಮಾರಿನಲ್ಲಿ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಜ್ ಎಂದು ಕೇಳುಗರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಕೀಲಿಯ ಮಾತು ಅದಕ್ಕಿಂತ ತಗ್ಗಿನ ಸ್ಥಾಯಿಯದು, ಕೆಲವು ಸೆಂಟಿಮೀಟರ್ ದೂರ ಕೇಳಿಸಿದರೆ ಸಾಕು ಎಂಬಂಥದು.

ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಅಥವಾ ಬೀಗದ ಚಿತ್ರದ ದೀಪ ಮಿಟುಕುತ್ತಲೇ ಇದ್ದರೆ ಕೀಲಿಯ ಗುರುತು ಹತ್ತಿಲ್ಲ ಎಂದು ತಿಳಿಯಿರಿ. ಕೆಲವು ಕಾರುಗಳು ಸೆಲ್ಫ್ ಹೊಡೆಯಲು ಬಿಟ್ಟು, ಇಂಜಿನ್ ಎದ್ದು ಒಂದೆರಡು ಸೆಕೆಂಡಿಗೆ ಆರಿಸುತ್ತವೆ; ಅದೂ ಇದೇ ಲಕ್ಷಣ. ಬೀರುವಿನಲ್ಲಿಟ್ಟ ಇನ್ನೊಂದು ಕೀಲಿ ತಂದು ನೋಡುವುದೇ ಮೊದಲ ಪರೀಕ್ಷೆ. ಗೊಂಚಲಿನಲ್ಲಿ ಬೇರೆ ಕಾರಿನ ಚಿಪ್ ಕೀಲಿ ಇದ್ದರೆ ಬೇರ್ಪಡಿಸಿ. ಬಟನ್ ಕಾರಿನ ರಿಮೋಟ್ ಸೆಲ್ ಸತ್ತು "ಕೀಲಿ ಇಲ್ಲ" ಎಂದು ತೋರಿಸಿದರೆ ಗಾಬರಿ ಬೇಡ. ಎಷ್ಟೋ ಕಾರುಗಳಲ್ಲಿ ಆ ರಿಮೋಟನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದರೆ ಒಳಗಿನ ಚಿಪ್ ಸೆಲ್ಲಿಲ್ಲದೆಯೇ ಗುರುತು ಹೇಳುತ್ತದೆ. ಕೆಲವಕ್ಕೆ ರಿಮೋಟ್ ಇಡಲು ಬೇರೆ ಜಾಗವಿರುತ್ತದೆ, ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ.

ಇವೆಲ್ಲ ಸರಿಯಿದ್ದೂ ಸೆಲ್ಫ್ ಮೌನವಾಗಿದ್ದರೆ ರಿಲೇಯ ಬಳಿ ಬನ್ನಿ. ಇಡೀ ವಿಚಾರಣೆಯಲ್ಲಿ ನನಗೆ ಇಷ್ಟವಾದ ಜಾಗ ಇದು, ಯಾಕೆಂದರೆ ಬಲ ಮತ್ತು ಅಪ್ಪಣೆ ಭೇಟಿಯಾಗುವುದು ಇಲ್ಲೇ. ಬಾನೆಟ್ಟಿನ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಚೌಕದ ಡಬ್ಬಿ. ಎಷ್ಟೋ ರಿಲೇಗಳ ಕಾಲುಗಳ ಬಳಿ ಅಂಕಿ ಬರೆದಿರುತ್ತದೆ: 85, 86, 30, 87. ಜರ್ಮನಿಯ ಮಾನಕದಿಂದ ಬಂದ ಅಂಕಿಗಳು ಇವು. 85 ಮತ್ತು 86 ಅಪ್ಪಣೆಯ ಕಾಲುಗಳು. 30ರಲ್ಲಿ ಬ್ಯಾಟರಿಯ ಕರೆಂಟು ಕಾದು ನಿಂತಿರುತ್ತದೆ, ಅಪ್ಪಣೆ ಬಂದಾಗ 87ರ ಮೂಲಕ ಸೊಲೆನಾಯ್ಡಿಗೆ ಹೊರಡುತ್ತದೆ. ರಿಲೇ ಕಿತ್ತು ಅದರ ತೂತುಗಳಲ್ಲಿ ಅಳೆಯಿರಿ. 30ರಲ್ಲಿ 12 ವೋಲ್ಟ್ ಇಲ್ಲವೇ? ಫ್ಯೂಸ್ ನೋಡಿ. ಇದೆ, ಆದರೆ ಕೀಲಿ ತಿರುಗಿಸಿ ಹಿಡಿದಾಗ 85 ಮತ್ತು 86ರ ನಡುವೆ ಏನೂ ಬರುವುದಿಲ್ಲವೇ? ಅಪ್ಪಣೆ ಬಂದಿಲ್ಲ, ಸ್ವಿಚ್ಚು, ಕೀಲಿ, ಕಂಪ್ಯೂಟರಿನ ಕಡೆಗೆ ಹುಡುಕಿ. ಎರಡೂ ಇದೆ, ಆದರೂ ಸೊಲೆನಾಯ್ಡಿಗೆ ಕರೆಂಟು ಹೋಗುವುದಿಲ್ಲವೇ? ರಿಲೇಯೇ ಕೆಟ್ಟಿರಬಹುದು. ಪಕ್ಕದಲ್ಲಿ ಅದೇ ನಂಬರಿನ ಬೇರೆ ರಿಲೇ, ಹಾರ್ನಿನದೋ ಮತ್ತೊಂದೋ ಇದ್ದರೆ ಅದಲುಬದಲು ಮಾಡಿ ನೋಡಿ. ಒಂದೇ ಜಾಗದಲ್ಲಿ ಮೂರು ಅಳತೆ, ಹುಡುಕುವ ಕ್ಷೇತ್ರ ಮೂರರಲ್ಲೊಂದಕ್ಕೆ ಇಳಿಯಿತು. ರಿಲೇ ಟಿಕ್ ಅಂದಿತು, ಆದ್ದರಿಂದ ಸರಿಯಿದೆ ಎಂದು ಮಾತ್ರ ತಿಳಿಯಬೇಡಿ. ಟಿಕ್ ಎನ್ನುವುದು ಅಪ್ಪಣೆ ಬಂದುದಕ್ಕೆ ಸಾಕ್ಷಿಯೇ ಹೊರತು ಒಳಗಿನ ಕಾಂಟ್ಯಾಕ್ಟಿನಲ್ಲಿ ಕರೆಂಟು ದಾಟಿದ್ದಕ್ಕಲ್ಲ.

ಅಪ್ಪಣೆ ಕಂಪ್ಯೂಟರುಗಳ ನಡುವೆ ಹರಿಯುವ ದಾರಿಗೂ ಒಂದು ಹೆಸರಿದೆ, ಕ್ಯಾನ್. ಬಾಷ್ ಕಂಪನಿ 1986ರಲ್ಲಿ ಡೆಟ್ರಾಯಿಟ್‌ನ ಇಂಜಿನಿಯರುಗಳ ಸಭೆಯಲ್ಲಿ ಇದನ್ನು ಮುಂದಿಟ್ಟಿತು. ಒಂದಕ್ಕೊಂದು ಹೆಣೆದ ಎರಡೇ ವೈರುಗಳಲ್ಲಿ ಎಲ್ಲ ಕಂಪ್ಯೂಟರುಗಳೂ ಸರದಿಯಂತೆ ಮಾತಾಡುತ್ತವೆ. ಆ ಜೋಡಿಯ ಎರಡು ತುದಿಗಳಲ್ಲಿ ತಲಾ 120 ಓಮ್ ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಕಳಚಿ, ಸ್ಟೇರಿಂಗಿನ ಕೆಳಗಿನ 16 ಪಿನ್ನಿನ ಸಾಕೆಟ್ಟಿನಲ್ಲಿ 6 ಮತ್ತು 14ನೇ ಪಿನ್ ನಡುವೆ ಅಳೆದರೆ ಬಹಳಷ್ಟು ಕಾರುಗಳಲ್ಲಿ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಳಚಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ವೈರು ಒಂದಕ್ಕೊಂದು ತಾಗಿವೆ. ಮಳೆಗಾಲದಲ್ಲಿ ಇಂಥದ್ದು ಕಂಡರೆ ಬಾನೆಟ್ಟಿನ ಮೂಲೆಯಲ್ಲಿ ಇಲಿಯ ಹಿಕ್ಕೆ ಇದೆಯೇ ನೋಡಿ. ಬೆಚ್ಚಗಿನ ಇಂಜಿನ್ನಿನ ಮೇಲೆ ರಾತ್ರಿ ಕಳೆಯುವ ಇಲಿ ವೈರು ಕಡಿಯದೆ ಬಿಡುವುದಿಲ್ಲ. ನಮ್ಮ ಜನ ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಕಂತೆ ಕಟ್ಟುತ್ತಾರೆ. ಕಟ್ಟುವವರು ಕಟ್ಟಲಿ, ಆದರೆ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದನ್ನೂ ಬಿಡದಿರಲಿ.

ಇನ್ನು ಸೆಲ್ಫ್ ಹೊಡೆದೂ ಇಂಜಿನ್ ಹತ್ತದ ಪ್ರಕರಣ. ಇಲ್ಲಿ ಎರಡು ಮಾತು ಸಾಕು. ಪೆಟ್ರೋಲ್ ಕಾರಾದರೆ ಕೀಲಿಯನ್ನು ಆನ್‌ಗೆ ತಂದೊಡನೆ ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡು ಸಣ್ಣ ಗುಂಯ್ ಸದ್ದು ಬರುತ್ತದೆ, ಪೆಟ್ರೋಲ್ ಪಂಪಿನದು. ಅದು ಕೇಳದಿದ್ದರೆ ಪಂಪಿನ ಫ್ಯೂಸು, ರಿಲೇ ನೋಡಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಏಳುತ್ತದೆಯೇ ಎಂಬುದನ್ನೂ ಗಮನಿಸಿ. ಎಷ್ಟೋ ಕಾರುಗಳಲ್ಲಿ ಮುಳ್ಳು ಅಲುಗದಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಇಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಕಂಪ್ಯೂಟರಿಗೆ ತಲುಪುತ್ತಿಲ್ಲ. ಬಿಸಿಯಾದಾಗ ನಿಂತು ಅರ್ಧ ಗಂಟೆ ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಡುವ ಕಾರಿನಲ್ಲಿ ಈ ಸೆನ್ಸರನ್ನು ಮೊದಲು ನೋಡಬೇಕು. ದೋಷದ ಕೋಡು ಓದುವ ಸ್ಕ್ಯಾನರ್ ಹಾಕಿದರೆ ಪಿ0335 ಎಂಬ ಕೋಡು ಬರುವುದುಂಟು.

ಸ್ಕ್ಯಾನರ್ ಅಂದಾಗ ಒಂದು ಎಚ್ಚರಿಕೆ. ಬ್ಯಾಟರಿ ಇಳಿದ ಕಾರಿಗೆ ಸ್ಕ್ಯಾನರ್ ಚುಚ್ಚಿದರೆ ಹತ್ತು ಹದಿನೈದು ದೋಷಗಳ ಪಟ್ಟಿ ಬರಬಹುದು: ಈ ಕಂಪ್ಯೂಟರ್ ಸಂಪರ್ಕದಲ್ಲಿಲ್ಲ, ಆ ಕಂಪ್ಯೂಟರ್ ಉತ್ತರ ಕೊಡುತ್ತಿಲ್ಲ. ವೋಲ್ಟೇಜ್ ಕುಸಿದಾಗ ಅವೆಲ್ಲ ಒಂದೊಂದಾಗಿ ಮೂರ್ಛೆ ಹೋಗಿರುತ್ತವೆ ಅಷ್ಟೇ. ಕಂಪ್ಯೂಟರ್ ಹೋಗಿದೆ ಎಂಬ ತೀರ್ಪು ಹೊರಡುವುದು ಇಂಥ ಪಟ್ಟಿಗಳಿಂದಲೇ. ಬ್ಯಾಟರಿ ಚಾರ್ಜ್ ಮಾಡಿ, ಕೋಡುಗಳನ್ನು ಬರೆದಿಟ್ಟುಕೊಂಡು, ಅಳಿಸಿ, ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಮರಳಿ ಬಂದ ಕೋಡಿಗೆ ಮಾತ್ರ ಬೆಲೆ.

ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತದೆ ಎಂಬ ದೂರು 2020ರ ಲಾಕ್‌ಡೌನ್ ಹೊತ್ತಿನಲ್ಲಿ ಮನೆಮನೆಯದಾಗಿತ್ತು. ಬೀಗ ಹಾಕಿದ ಕಾರು ಪೂರ್ತಿ ನಿದ್ದೆ ಮಾಡುವುದಿಲ್ಲ. 50 ಮಿಲಿಆಂಪಿಯರ್‌ವರೆಗೆ ಎಳೆದರೆ ಅದು ಸಹಜ. ಆ ಲೆಕ್ಕದಲ್ಲಿ ದಿನಕ್ಕೆ 1.2 ಆಂಪಿಯರ್‌ಅವರ್, 45 ಆಂಪಿಯರ್‌ಅವರ್‌ನ ಬ್ಯಾಟರಿ ಅರ್ಧಕ್ಕಿಳಿಯಲು ಹದಿನೆಂಟು ಹತ್ತೊಂಬತ್ತು ದಿನ. ಹೊರಗಿನಿಂದ ಹಾಕಿಸಿದ ಸ್ಟೀರಿಯೊ, ಜಿಪಿಎಸ್, ಡ್ಯಾಶ್ ಕ್ಯಾಮೆರಾ ಸೇರಿ 300 ಎಳೆದರೆ ಅದೇ ಕೆಲಸಕ್ಕೆ ಮೂರು ದಿನ ಸಾಕು. ಈ ಕರೆಂಟನ್ನು ಅಳೆಯುವಾಗ ಕಾರು ಮಲಗುವವರೆಗೆ ಅರ್ಧ ಗಂಟೆಯಾದರೂ ಕಾಯಬೇಕು. ಬಾಗಿಲು ತೆಗೆದರೆ ಅದು ಮತ್ತೆ ಎದ್ದು ಕೂರುತ್ತದೆ.

ಕೊನೆಗೆ ಕೆಲವು ಬೇಡಗಳು. ಜಂಪರ್ ಹಾಕುವಾಗ ಕೆಂಪು ಕೇಬಲನ್ನು ಇಳಿದ ಬ್ಯಾಟರಿಯ ಪ್ಲಸ್‌ನಿಂದ ಗಟ್ಟಿ ಬ್ಯಾಟರಿಯ ಪ್ಲಸ್‌ಗೆ, ಕಪ್ಪನ್ನು ಗಟ್ಟಿ ಬ್ಯಾಟರಿಯ ಮೈನಸ್‌ನಿಂದ ನಿಂತ ಕಾರಿನ ಇಂಜಿನ್ ಲೋಹಕ್ಕೆ ಹಾಕಿ. ಕಡೆಯ ಕಿಡಿ ಬ್ಯಾಟರಿಯ ಗ್ಯಾಸಿನಿಂದ ದೂರವಿರಲಿ ಎಂದು ಈ ಕ್ರಮ. ತಿರುವುಮುರುವಾದರೆ ಆಲ್ಟರ್ನೇಟರಿನ ಡಯೋಡುಗಳು ಸುಡುತ್ತವೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚಿ ಪರೀಕ್ಷಿಸುವ ಹಳೆಯ ಚಾಳಿ ಬೇಡ, ವೋಲ್ಟೇಜ್ ಚಿಮ್ಮಿ ಕಂಪ್ಯೂಟರ್ ಸತ್ತೀತು. ಹಳದಿ ಕಪ್ಲರುಗಳು ಏರ್‌ಬ್ಯಾಗಿನವು, ಕಿತ್ತಳೆ ಬಣ್ಣದ ಕೇಬಲ್‌ಗಳು ಹೈಬ್ರಿಡ್ ಮತ್ತು ವಿದ್ಯುತ್ ಕಾರಿನ ಭಾರಿ ವೋಲ್ಟೇಜಿನವು, ಎರಡನ್ನೂ ಮುಟ್ಟಬೇಡಿ. ವಿದ್ಯುತ್ ಕಾರಿನವರು ಈ ಮಾತೆಲ್ಲ ತಮಗಲ್ಲ ಎಂದುಕೊಳ್ಳಬಾರದು. ಅವುಗಳಲ್ಲೂ ಸಾಮಾನ್ಯವಾಗಿ ಒಂದು ಪುಟ್ಟ 12 ವೋಲ್ಟ್ ಬ್ಯಾಟರಿ ಇದೆ. ದೊಡ್ಡ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ಚಿಗೆ ಅಪ್ಪಣೆ ಹೋಗುವುದು ಅದರಿಂದ. ಅದು ಇಳಿದರೆ ನೂರಕ್ಕೆ ನೂರು ಚಾರ್ಜಾದ ಕಾರೂ ಕದಲುವುದಿಲ್ಲ.

ನೀವೆಲ್ಲ ಮೆಕ್ಯಾನಿಕ್ ಆಗಬೇಕೆಂದು ನಾನು ಹೇಳುತ್ತಿಲ್ಲ. ಎಲೆಕ್ಟ್ರಿಷಿಯನ್‌ಗೆ ಫೋನು ಮಾಡುವಾಗ "ಗಾಡಿ ಸ್ಟಾರ್ಟ್ ಆಗ್ತಿಲ್ಲ, ಬೇಗ ಬನ್ನಿ" ಅನ್ನುವ ಬದಲು ಹೀಗೆ ಹೇಳಿ: "ಬ್ಯಾಟರಿ 12.5 ಇದೆ. ಕೀಲಿ ತಿರುಗಿಸಿದ್ರೆ ಸದ್ದೇ ಇಲ್ಲ, ಒಳಗಿನ ಲೈಟೂ ಮಂಕಾಗಲ್ಲ. ಬ್ರೇಕ್ ಲೈಟ್ ಉರೀತಿದೆ. ಇನ್ನೊಂದು ಕೀಲೀನೂ ಹಾಕಿ ನೋಡಿದೆ." ಬರುವವರು ಜಂಪರ್ ಕೇಬಲ್ ಬಿಟ್ಟು ಸ್ಕ್ಯಾನರ್ ಹಿಡಿದು ಬರುತ್ತಾರೆ. ಬಂದು ನೋಡಿ ಇಂಥ ಭಾಗ ಬದಲಾಯಿಸಬೇಕು ಅಂದರೆ, ದುಡ್ಡು ತೆಗೆಯುವ ಮುಂಚೆ ವಿನಯದಿಂದಲೇ ಕೇಳಿ: "ಎಲ್ಲಿ ಅಳೆದ್ರಿ, ಎಷ್ಟು ವೋಲ್ಟ್ ಬಂತು?" ಕೆಲಸ ಬಲ್ಲವರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ, ಮೀಟರು ನಿಮ್ಮ ಕಡೆ ತಿರುಗಿಸಿ ತೋರಿಸುತ್ತಾರೆ.